ವಠಾರದ ಚಿಲಕ

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, "ಮೇಡಂ, ಬಾಡಿಗೆದಾರರಿಗೆ ಅಂತ ಒಂದಿಷ್ಟು ನಿಯಮ ಬರೆದುಕೊಡಿ. ನೀವು ಟೀಚರಾಗಿದ್ದವರು, ಗಟ್ಟಿಯಾಗಿ ಬರೀತೀರಿ" ಎಂದರು. ಹೈಸ್ಕೂಲು ಹುಡುಗಿಯರಿಗೆ ಜಡೆ ಎಷ್ಟು, ರಿಬ್ಬನ್ ಯಾವ ಬಣ್ಣ ಎಂದು ಮೂವತ್ತು ವರ್ಷ ಹೇಳಿ ಹೇಳಿ ಪಳಗಿದ ಬಾಯಿ ನನ್ನದು. ಹೊಗಳಿಕೆಗೆ ಉಬ್ಬಿ ಒಂದೇ ಸಂಜೆಯಲ್ಲಿ ಹದಿನಾಲ್ಕು ನಿಯಮ ಬರೆದುಕೊಟ್ಟೆ. ಬಾಲ್ಕನಿಯ ಹೊರಗೆ ಬಟ್ಟೆ ಒಣಹಾಕಬಾರದು, ತಾರಸಿಯ ಮೇಲೆ ಸಂಡಿಗೆ ಹಪ್ಪಳ ಇಡಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಒಂಬತ್ತನೆಯದು, ರಾತ್ರಿ ಹತ್ತರ ಮೇಲೆ ಬಾಡಿಗೆದಾರರ ಮನೆಗೆ ಹೊರಗಿನವರನ್ನು ಬಿಡತಕ್ಕದ್ದಲ್ಲ. ಮಾರನೆಯ ದಿನವೇ ಅದು ಲಿಫ್ಟಿನ ಪಕ್ಕದ ಹಲಗೆ ಏರಿತು.

ನಾನು ಹುಟ್ಟಿ ಬೆಳೆದದ್ದು ಬಾಡಿಗೆ ಮನೆಯಲ್ಲಿ. ಬರೆಯುವಾಗ ಅದು ನೆನಪಿಗೇ ಬರಲಿಲ್ಲ.

ಚಾಮರಾಜಪೇಟೆಯ ಒಂದು ವಠಾರ ಅದು. ಬೀದಿಗೆ ಮುಖಮಾಡಿ ಮಾಲೀಕರ ಮನೆ. ಪಕ್ಕದ ಹೆಬ್ಬಾಗಿಲಿನಿಂದ ಒಳಗೆ ಹೋದರೆ ಉದ್ದನೆಯ ಓಣಿ, ಅದಕ್ಕೆ ಅಂಟಿಕೊಂಡಂತೆ ಎಂಟು ಮನೆ. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ತುದಿಯಲ್ಲಿ ಎಂಟು ಮನೆಗೂ ಸೇರಿ ಒಂದು ನಲ್ಲಿ, ಒಂದು ಒರಳುಕಲ್ಲು, ಎರಡು ಕಕ್ಕಸು. ನಿಮ್ಮಲ್ಲಿ ಅನೇಕರ ತಾಯಂದಿರು ಇಂಥ ಕಡೆಯೇ ಸಂಸಾರ ಹೂಡಿರಬೇಕು.

ಬೆಂಗಳೂರು ಹೀಗೆ ಒತ್ತೊತ್ತಾಗಿ ಬದುಕಲೆಂದು ಹೊರಟ ಊರಲ್ಲ. ಚಾಮರಾಜಪೇಟೆ 1892ರಲ್ಲಿ ಬಂದ ಬಡಾವಣೆ. 1898ರಲ್ಲಿ ಪ್ಲೇಗು ಬಂದು ಹಳೆಯ ಪೇಟೆಯ ಜನ ಮನೆ ಬಿಟ್ಟು ಓಡಿದ ಮೇಲೆ ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದವು. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿ ಬೆಳಕು, ಹಿಂದೆ ಜಾಡಮಾಲಿಗಳು ಓಡಾಡಲು ಓಣಿ. ಇಕ್ಕಟ್ಟಿನಲ್ಲೇ ರೋಗವಿದೆ ಎಂದು ಹೆದರಿ ಮಾಡಿದ ಏರ್ಪಾಡು. ಆದರೆ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಶುರುವಾದ ಮೇಲೆ ನಾಲ್ಕೂ ದಿಕ್ಕಿನಿಂದ ಜನ ಬಂದರು. ಬಂದವರಿಗೆಲ್ಲ ಸೂರು ಬೇಕಲ್ಲ! ಹಿತ್ತಿಲಿದ್ದವರು ಹಿತ್ತಿಲಲ್ಲಿ ಸಾಲುಮನೆ ಕಟ್ಟಿದರು. ಕರಿಬೇವಿನ ಗಿಡ ಇದ್ದಲ್ಲಿ ಒಂದು ಸಂಸಾರ ಬಂದು ಕೂತಿತು.

ನಮ್ಮ ವಠಾರದಲ್ಲಿ ನಿಯಮವನ್ನು ಯಾರೂ ಬರೆದಿರಲಿಲ್ಲ, ಆದರೂ ಎಲ್ಲರಿಗೂ ಬಾಯಿಪಾಠ. ಬೆಳಿಗ್ಗೆ ಒಂದು ಸರದಿಗೆ ಎರಡೇ ಕೊಡ. ದೀಪ ಹಚ್ಚಿದ ಮೇಲೆ ಒರಳು ಮುಟ್ಟಬಾರದು. ನೆಂಟರು ಮೂರು ದಿನಕ್ಕಿಂತ ಹೆಚ್ಚು ಉಳಿದರೆ ಹೇಳಬೇಕು. ಒಂಬತ್ತೂವರೆಗೆ ಹೆಬ್ಬಾಗಿಲಿನ ಚಿಲಕ ಬೀಳುತ್ತದೆ. ಈ ಕಾನೂನಿನ ಒಡತಿ ಮಾಲೀಕರ ಹೆಂಡತಿ, ನಾವೆಲ್ಲ ವಠಾರದಮ್ಮ ಎನ್ನುತ್ತಿದ್ದೆವು. ಆಕೆಯ ಬಾಯಿ ಅಷ್ಟಿಷ್ಟಲ್ಲ. ಮೂರನೇ ಕೊಡ ಇಟ್ಟವರ ವಂಶಾವಳಿಯೆಲ್ಲ ಹೊರಗೆ ಬರುತ್ತಿತ್ತು.

ನಮ್ಮಪ್ಪ ಬಟ್ಟೆ ಗಿರಣಿಯಲ್ಲಿದ್ದರು. ಎರಡನೇ ಪಾಳಿಯ ವಾರ ಮನೆಗೆ ಬರುವಾಗ ನಡುರಾತ್ರಿ ದಾಟಿರುತ್ತಿತ್ತು. ಹೆಬ್ಬಾಗಿಲು ಮೆಲ್ಲಗೆ ತಟ್ಟುವ ಸದ್ದು, ಆಮೇಲೆ ವಠಾರದಮ್ಮನ ಕೆಮ್ಮು, "ಈ ಮಿಲ್ಲಿನವರ ಕಾಟ ಯಾವಾಗ ತಪ್ಪತ್ತೋ ಶಿವನೇ" ಎಂಬ ಗೊಣಗು, ಚಿಲಕ ತೆಗೆದ ಕಿರ್ರೆಂಬ ಶಬ್ದ. ಕಂಬಳಿಯೊಳಗೆ ನಾನು ಇದನ್ನೆಲ್ಲ ಕೇಳುತ್ತಿದ್ದೆ. ಅಮ್ಮನಿಗೆ ನಾಚಿಕೆ. "ನಾನೇ ಎದ್ದು ತೆಗೀತೀನಿ, ನೀವು ಮಲಗಿ" ಎಂದರೆ ಆಕೆ ಒಪ್ಪುತ್ತಿರಲಿಲ್ಲ. ಚಿಲಕ ಹಾಕಿದವಳು ತಾನು, ತೆಗೆಯುವವಳೂ ತಾನೇ. ಹೀಗೆ ಹನ್ನೊಂದು ವರ್ಷ!

ಆಕೆ ಸಾಧ್ವಿ ಎಂದೇನೂ ನಾನು ಹೇಳುತ್ತಿಲ್ಲ. ನಮ್ಮನ್ನು ಓಡಿಸುವುದು ಅಷ್ಟು ಸುಲಭವೂ ಆಗಿರಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಮಾಲೀಕರ ಕೈ ಕಟ್ಟಿತ್ತು. ಮನೆ ಖಾಲಿಯಾದರೆ ಕಂಟ್ರೋಲರಿಗೆ ತಿಳಿಸಬೇಕು, ನೀರು ದೀಪ ನಿಲ್ಲಿಸುವಂತಿಲ್ಲ, ಬಿಡಿಸಬೇಕೆಂದರೆ ಕಾನೂನು ಹೇಳಿದ ಕಾರಣವನ್ನೇ ಕೋರ್ಟಿನಲ್ಲಿ ತೋರಿಸಬೇಕು. ಅದರಿಂದ ಮಾಲೀಕರಿಗೂ ಕಷ್ಟವಾಯಿತು. ಇಪ್ಪತ್ತು ರೂಪಾಯಿ ಬಾಡಿಗೆಯಲ್ಲೇ ಮುದುಕರಾದ ಮಾಲೀಕರನ್ನು ನಾನು ಕಂಡಿದ್ದೇನೆ.

ಆಮೇಲೆ ಕಾಲ ತಿರುಗಿತು. 1999ರ ಹೊಸ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಾಗ, ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ತನ್ನ ನೆರಳಿನಿಂದ ಹೊರಗಿಟ್ಟಿತು. ಫ್ಲ್ಯಾಟುಗಳ ಬಾಡಿಗೆ ಬೇಗನೆ ಆ ಗೆರೆ ದಾಟಿತು. ಹನ್ನೊಂದು ತಿಂಗಳ ಕರಾರೇ ವಾಡಿಕೆಯಾಯಿತು. ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕು ಎಂಬ 1908ರ ಕಾನೂನಿಗೆ ಸಿಗದಿರಲು ಕಂಡುಕೊಂಡ ಉಪಾಯ ಅದು. ಇನ್ನೊಂದು ಕಡೆ, ರಾಜ್ಯದ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯಿದೆ 1972ರಷ್ಟು ಹಿಂದೆಯೇ ಬಂದಿತ್ತು. ಕಟ್ಟಡದ ಬೈಲಾಗಳು ಮಾಲೀಕರಿಗೆ ಮಾತ್ರವಲ್ಲ, ಅವರ ಬಾಡಿಗೆದಾರರಿಗೂ ಕೆಲಸದವರಿಗೂ ಅನ್ವಯಿಸುತ್ತವೆ ಎಂದು ಅದು ಹೇಳಿತು. ನಮ್ಮ ಸಂಘದಲ್ಲಿ ಸಭೆಯ ನೋಟೀಸು ಹೋಗುವುದು ಮಾಲೀಕರಿಗೆ ಮಾತ್ರ, ಕೈ ಎತ್ತುವವರೂ ಅವರೇ. ನಲವತ್ತು ಮನೆಗಳಲ್ಲಿ ಹದಿನಾರು ಬಾಡಿಗೆಯವು. ಆ ಹದಿನಾರರಲ್ಲಿ ಒಬ್ಬರನ್ನೂ ಕೇಳದೆ ನಾನು ನಿಯಮ ಬರೆದಿದ್ದೆ.

ಒಂಬತ್ತನೆಯ ನಿಯಮ ಅಂಟಿಸಿ ಮೂರು ವಾರವಾಗಿತ್ತು. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ನರ್ಸ್ ಹುಡುಗಿಯ ತಾಯಿ ರೈಲು ತಡವಾಗಿ ರಾತ್ರಿ ಹನ್ನೊಂದಕ್ಕೆ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಮನೆಯ ಬೀಗದಕೈ ಇತ್ತು. ಮಗಳಿಗೆ ರಾತ್ರಿ ಡ್ಯೂಟಿ, ಫೋನು ಎತ್ತಲಿಲ್ಲ. ಕಾವಲಿನ ಹುಡುಗ ಏಜೆನ್ಸಿಯವನು, ಹಲಗೆಯ ಮೇಲಿನ ಕಾಗದ ತೋರಿಸಿದ. ಮಗಳು ಫೋನು ನೋಡಿಕೊಂಡು ಮಾತಾಡುವ ಹೊತ್ತಿಗೆ ಹನ್ನೆರಡೂವರೆ. ಅಲ್ಲಿಯವರೆಗೆ ಆ ತಾಯಿ ಗೇಟಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಡಿಲಲ್ಲಿ ರಾಗಿ ಹಿಟ್ಟಿನ ಚೀಲ ಇಟ್ಟುಕೊಂಡು ಕೂತಿದ್ದರಂತೆ. ನಾನು ನೇರ ಮೇಲೆ ಮೊದಲ ಮಹಡಿಯಲ್ಲಿ ಫ್ಯಾನು ಹಾಕಿಕೊಂಡು ನಿದ್ದೆ ಹೋಗಿದ್ದೆ.

ಬೆಳಿಗ್ಗೆ ವಿಷಯ ತಿಳಿದು ಅವರ ಮನೆಗೆ ಹೋದೆ. ಆಕೆಗೆ ಸಿಟ್ಟೇ ಇಲ್ಲ. "ಪಾಪ, ಆ ಹುಡುಗ ಕುರ್ಚಿ ಕೊಟ್ಟ, ನೀರು ಕೊಟ್ಟ. ಏನೋ ರೂಲ್ಸಂತೆ ಕಣಮ್ಮ, ಯಾರೋ ಬರೆದವ್ರಂತೆ" ಎಂದು ನನ್ನ ಕೈಗೆ ಕಾಫಿ ಲೋಟ ಇಟ್ಟರು. ನಾನೇ ಬರೆದದ್ದು ಎನ್ನಲು ನಾಲಿಗೆ ಏಳಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಮುಂದಿನ ಸಭೆಯಲ್ಲಿ ನಾನು ಎರಡು ಮಾತು ಕೇಳಿದೆ. ಒಂಬತ್ತನೆಯ ನಿಯಮ ತೆಗೆಯಬೇಕು, ಮತ್ತು ಉಳಿದ ಹದಿಮೂರರಲ್ಲಿ "ಬಾಡಿಗೆದಾರರು" ಇದ್ದ ಕಡೆಯೆಲ್ಲ "ನಿವಾಸಿಗಳು" ಎಂದು ಬರೆಯಬೇಕು. ಮೊದಲನೆಯದಕ್ಕೆ ಹೆಚ್ಚು ಗಲಾಟೆಯಾಗಲಿಲ್ಲ. ಎರಡನೆಯದಕ್ಕೆ ನಾಲ್ಕನೇ ಮಹಡಿಯ ಯಜಮಾನರು ಎದ್ದು ನಿಂತು, "ಹಾಗೆ ಬರೆದರೆ ನಾವೂ ಪಾಲಿಸಬೇಕಾಗತ್ತಲ್ಲ, ಮೇಡಂ?" ಎಂದರು. ಪಕ್ಕದಲ್ಲಿದ್ದ ಅವರ ಮನೆಯವರು ಬೇಸಿಗೆಯಲ್ಲಿ ತಾರಸಿ ತುಂಬ ಸಂಡಿಗೆ ಇಡುವವರು. ಅವರು ನೆಲ ನೋಡತೊಡಗಿದರು. ಹದಿಮೂರು ಕೈ ಪರವಾಗಿ, ಹನ್ನೊಂದು ವಿರುದ್ಧವಾಗಿ ಎದ್ದವು. ಸಂಡಿಗೆಯ ನಿಯಮವನ್ನು ಮಾತ್ರ ಮುಂದಿನ ಸಭೆಗೆ ಇಟ್ಟುಕೊಂಡಿದ್ದಾರೆ. ಆ ಸಭೆಗೆ ಬಾಡಿಗೆಯವರನ್ನೂ ಕರೆಯಿರಿ ಎಂದಿದ್ದೇನೆ. ನೋಡೋಣ ಎಂದಿದ್ದಾರೆ.

ನರ್ಸ್ ಹುಡುಗಿಯ ತಾಯಿ ಅಷ್ಟು ಹೊತ್ತಿಗೆ ಊರಿಗೆ ಹೋಗಿಯಾಗಿತ್ತು. ದೀಪಾವಳಿಗೆ ಮತ್ತೆ ಬರುತ್ತಾರಂತೆ. ಆಗಲಾದರೂ ಹೇಳಬೇಕು.