ರೇಡಿಯೋ ಹೇಳಿಕೊಟ್ಟ ಹಿತ್ತಲು



ನಿಮ್ಮ ಮನೆಯ ಕಿಟಕಿ ಗ್ರಿಲ್‌ನಲ್ಲಿ ಒಂದು ತುಳಸಿ, ಹಳೇ ಎಣ್ಣೆ ಡಬ್ಬದಲ್ಲಿ ಒಂದು ದೊಡ್ಡಪತ್ರೆ, ಜಾಗ ಸಿಕ್ಕಿದರೆ ಒಂದು ಕರಿಬೇವು... ಇಷ್ಟಾದರೂ ಇದ್ದೇ ಇರುತ್ತದೆ, ಅಲ್ಲವೇ? ಊರಿನ ಹಿತ್ತಲು ಬಿಟ್ಟು ಡೊಂಬಿವಲಿಗೋ ಪಿಂಪ್ರಿಗೋ ಬಂದವರು ಆ ಹಿತ್ತಲಿನ ಒಂದು ಚೂರನ್ನು ಹೀಗೆ ಜೊತೆಗೆ ತಂದುಕೊಂಡಿರುತ್ತಾರೆ. ಟೊಮೇಟೊ ಬೆಲೆ ಏರಿದಾಗಲೆಲ್ಲ ‘ನಾವೇ ನಾಲ್ಕು ಗಿಡ ಹಾಕಿದ್ದರೆ’ ಅನ್ನಿಸುವುದೂ ಉಂಟು. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಸಂಸಾರಗಳು ತಮ್ಮ ತರಕಾರಿ ತಾವೇ ಬೆಳೆದುಕೊಂಡದ್ದಕ್ಕೆ ಒಂದು ಚರಿತ್ರೆಯೇ ಇದೆ. ಅದರಲ್ಲಿ ರೇಡಿಯೋದ ಪಾಲೂ ಇದೆ. ಈ ಸಲ ಅದನ್ನೇ ಹೇಳುತ್ತೇನೆ, ಕೇಳಿ.

1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಆಗ ಬ್ರಿಟನ್ ತಾನು ಉಣ್ಣುವ ಆಹಾರದಲ್ಲಿ ಹೆಚ್ಚಿನ ಪಾಲನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನೇ ಮುಳುಗಿಸತೊಡಗಿದವು. ಯುದ್ಧ ಶುರುವಾದ ತಿಂಗಳಿಗೇ, ಅಕ್ಟೋಬರ್ 3ರಂದು, ಅಲ್ಲಿನ ಕೃಷಿ ಸಚಿವರು ರೇಡಿಯೋದಲ್ಲಿ ಮಾತನಾಡಿ, ಜನ ಇನ್ನೂ ಐದು ಲಕ್ಷ ತರಕಾರಿ ತುಂಡುಭೂಮಿಗಳನ್ನು ಮಾಡಬೇಕೆಂದು ಕೇಳಿಕೊಂಡರು. ‘ಗೆಲುವಿಗಾಗಿ ಅಗೆಯಿರಿ’ ಎಂಬ ಘೋಷಣೆ ಗೋಡೆಗೋಡೆಯ ಮೇಲೆ ಬಂತು.

ಅಗೆಯಿರಿ ಎಂದರೆ ಸಾಕೇ? ಪೇಟೆಯ ಗುಮಾಸ್ತನಿಗೆ, ಫ್ಯಾಕ್ಟರಿ ಕೆಲಸಗಾರನ ಹೆಂಡತಿಗೆ ಗುದ್ದಲಿ ಹಿಡಿಯುವುದನ್ನು ಕಲಿಸುವವರು ಯಾರು? ಇಲ್ಲಿ ಬರುತ್ತಾರೆ ನಮ್ಮ ಕಥಾನಾಯಕ, ಸಿ. ಎಚ್. ಮಿಡಲ್‌ಟನ್. ತೋಟದ ಮಾಲಿಯ ಮಗ. 1931ರಿಂದಲೇ ಬಿಬಿಸಿಯಲ್ಲಿ ತೋಟಗಾರಿಕೆಯ ಮಾತು ಆಡುತ್ತಿದ್ದರು. ಯುದ್ಧದ ದಿನಗಳಲ್ಲಿ ಭಾನುವಾರ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅವರ ಕಾರ್ಯಕ್ರಮ ಬರುತ್ತಿತ್ತು, ಸುಮಾರು 35 ಲಕ್ಷ ಜನ ಕೇಳುತ್ತಿದ್ದರಂತೆ. ಭಾಷಣದ ಧಾಟಿ ಇಲ್ಲವೇ ಇಲ್ಲ. ಬೇಲಿಯಾಚೆಯಿಂದ ಪಕ್ಕದ ಮನೆಯ ಯಜಮಾನರು ಮಳೆ, ಹುಳು, ಕೋಸಿನ ಸಸಿ ಎಂದು ಮಾತಿಗಿಳಿದ ಹಾಗೆ. ವಿಚಿತ್ರವೆಂದರೆ, ಅವರಿಗೆ ಪ್ರೀತಿ ಇದ್ದದ್ದು ಹೂಗಿಡಗಳ ಮೇಲೆ! ಹೂ ಕಿತ್ತು ಈರುಳ್ಳಿ ನೆಡಿ ಎಂದು ಹೇಳುವಾಗ ಅವರಿಗೇ ಮನಸ್ಸಿರಲಿಲ್ಲ.

ಈರುಳ್ಳಿ ಎಂದೆನಲ್ಲ, ಅದರದೇ ಒಂದು ಕಥೆ. ಬ್ರಿಟನ್ನಿಗೆ ಈರುಳ್ಳಿ ಬರುತ್ತಿದ್ದದ್ದು ಬಹುಪಾಲು ಫ್ರಾನ್ಸಿನ ಬ್ರಿಟನಿ ಮತ್ತು ಚಾನೆಲ್ ದ್ವೀಪಗಳಿಂದ. 1940ರ ಬೇಸಿಗೆಯಲ್ಲಿ ಎರಡೂ ಜರ್ಮನರ ಕೈ ಸೇರಿದವು. ಮರುವರ್ಷ ಈರುಳ್ಳಿ ಎಷ್ಟು ಅಪರೂಪವಾಯಿತೆಂದರೆ ಅದನ್ನು ಲಾಟರಿ ಬಹುಮಾನವಾಗಿ ಇಡುತ್ತಿದ್ದರು. ಈರುಳ್ಳಿ ಬೆಲೆಗೆ ಸರ್ಕಾರಗಳೇ ನಡುಗಿದ್ದನ್ನು ಕಂಡ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಈಗ ಖರ್ಚಿನ ವಿಷಯ. ಸರ್ಕಾರದ ಕರಪತ್ರಗಳು ಕಡಿಮೆ ದುಡ್ಡಿನವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು. ಗೊಬ್ಬರ ಕೊಳ್ಳಬೇಡಿ, ಅಡುಗೆಮನೆ ಮತ್ತು ತೋಟದ ಕಸವನ್ನೇ ಕೊಳೆಸಿ. ನಿಮ್ಮ ಬೀಜ ನೀವೇ ಉಳಿಸಿ. ಒಂದು ಬೆಳೆ ತೆಗೆದ ಸಾಲಿನಲ್ಲಿ ಕೂಡಲೇ ಇನ್ನೊಂದನ್ನು ಹಾಕಿ, ನೆಲ ಖಾಲಿ ಬಿಡಬೇಡಿ. ಇವುಗಳಲ್ಲಿ ನಮ್ಮ ಅಜ್ಜಿಯರಿಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಆದರೆ ಬ್ರಿಟನ್ನಿನ ಬಡವನ ಹತ್ತಿರ ಇದ್ದು ನಮ್ಮವನ ಹತ್ತಿರ ಇಲ್ಲದ್ದು ಬೇರೆ ಒಂದಿತ್ತು, ನೆಲ. ಊರಿನ ಪುರಸಭೆ ಬಡವರಿಗೆ ಚಿಕ್ಕ ಬಾಡಿಗೆಗೆ ತರಕಾರಿ ತುಂಡು ಕೊಡಬೇಕೆಂಬ ಕಾನೂನು ಅಲ್ಲಿ 1908ರಿಂದಲೇ ಇತ್ತು. ಮಾದರಿ ತುಂಡಿನ ಅಳತೆ 90 ಅಡಿಗೆ 30 ಅಡಿ. ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಎರಡು ತರ್ಟಿ-ಫಾರ್ಟಿ ಸೈಟಿಗಿಂತ ದೊಡ್ಡದು! ಯುದ್ಧ ಬಂದಾಗ ಖಾಲಿ ಬಿದ್ದ ಜಾಗಗಳನ್ನು ವಶಕ್ಕೆ ತೆಗೆದುಕೊಂಡು ಹಂಚುವ ಅಧಿಕಾರವೂ ಸ್ಥಳೀಯ ಮಂಡಳಿಗಳಿಗೆ ಸಿಕ್ಕಿತು. ಲಂಡನ್ ಗೋಪುರದ ಕಂದಕದಲ್ಲೂ ತರಕಾರಿ ಬೆಳೆದರು. 8 ಲಕ್ಷದ ಆಸುಪಾಸಿನಲ್ಲಿದ್ದ ತುಂಡುಗಳು 1943ರ ಹೊತ್ತಿಗೆ 14 ಲಕ್ಷ ಆದವು.

ಅದೇ 1943. ನಮ್ಮಲ್ಲಿ ಏನಾಗುತ್ತಿತ್ತು? ಹಿಂದಿನ ವರ್ಷ ರಂಗೂನ್ ಜಪಾನಿಗೆ ಬಿದ್ದು ಬರ್ಮಾದ ಅಕ್ಕಿ ನಿಂತಿತ್ತು. ಬಂಗಾಳದ ಕ್ಷಾಮದಲ್ಲಿ ಸತ್ತವರು 20ರಿಂದ 30 ಲಕ್ಷವೆಂದು ಅಂದಾಜು. ಮುಂಬಯಿಗೆ ರೇಷನ್ ಬಂತು. ಅದೇ ಬ್ರಿಟಿಷ್ ಸರ್ಕಾರ ಇಲ್ಲೂ ‘ಹೆಚ್ಚು ಆಹಾರ ಬೆಳೆಯಿರಿ’ ಎಂದು ಘೋಷಣೆ ಹೊರಡಿಸಿತು. ಆದರೆ ಪೇಟೆಯ ಬಡ ಸಂಸಾರಕ್ಕೆ ಬಾಡಿಗೆ ತುಂಡು ಕೊಡುವ ಕಾನೂನು ಇಲ್ಲಿ ಇರಲಿಲ್ಲ, ಭಾನುವಾರ ಕೂತು ಹೇಳಿಕೊಡುವ ಮಿಡಲ್‌ಟನ್ನರೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಆಂದೋಲನ ಮುಂದುವರಿಯಿತು. ಅದರ ಕುಂದುಕೊರತೆ ನೋಡಲು ವಿ. ಟಿ. ಕೃಷ್ಣಮಾಚಾರಿಯವರ ಸಮಿತಿ ಕೂತು 1952ರಲ್ಲಿ ವರದಿ ಕೊಟ್ಟಿತು. ಬರೀ ಧಾನ್ಯದ ಲೆಕ್ಕ ಹಿಡಿದರೆ ಸಾಲದು, ಹಳ್ಳಿಯ ಒಟ್ಟು ಬದುಕನ್ನೇ ನೋಡಬೇಕು ಎಂಬುದು ಅದರ ತಿರುಳು.

ದನಿ ತಲುಪಿದ ಕಡೆ ಕೆಲಸ ಆಗಿಯೇ ಆಗುತ್ತದೆ. 1960ರ ದಶಕದಲ್ಲಿ ತಿರುಚಿರಾಪಳ್ಳಿ ಆಕಾಶವಾಣಿ ಎಡಿಟಿ 27 ಎಂಬ ಹೊಸ ಭತ್ತದ ತಳಿಯ ಬಗ್ಗೆ ರೈತರಿಗೆ ಹೇಳಿಕೊಟ್ಟಿತು. ತಂಜಾವೂರಿನ ಕಡೆ ಜನ ಆ ಭತ್ತವನ್ನು ಕರೆದದ್ದೇ ‘ರೇಡಿಯೋ ಅಕ್ಕಿ’ ಎಂದು. ಚೆನ್ನೈ ಕೇಳುಗರು ಅಲ್ಲಿನ ಹಿರಿಯರನ್ನು ಕೇಳಿ ನೋಡಿ.

ಇನ್ನು ದೆಹಲಿಯವರಿಗೆ ಗೊತ್ತಿರುವ ಕಥೆ. 1965ರಲ್ಲಿ ಯುದ್ಧ, ಬರ, ಅಮೆರಿಕದ ಗೋಧಿಗೆ ಕೈಯೊಡ್ಡುವ ಸ್ಥಿತಿ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿ ಎಂದರು. ಸೋಮವಾರದ ಒಪ್ಪತ್ತು ನಮ್ಮ ಎಷ್ಟೋ ಮನೆಗಳಲ್ಲಿ ಆಗಲೇ ಇತ್ತು ಬಿಡಿ! ಹೋಟೆಲುಗಳೂ ಸಂಜೆ ಬಾಗಿಲು ಹಾಕಿದವು. ಶಾಸ್ತ್ರಿಯವರು ತಮ್ಮ ಜನಪಥ್ ಬಂಗಲೆಯ ಹುಲ್ಲುಹಾಸನ್ನೇ ಉತ್ತರು. ಆ ಬೆಳೆಯಿಂದ ದೇಶದ ಹೊಟ್ಟೆ ತುಂಬಲಿಲ್ಲ, ನಿಜ. ಆದರೆ ಹೇಳುವ ಮೊದಲು ಮಾಡಿ ತೋರಿಸಿದ್ದು ದೊಡ್ಡದು ಎಂದೇ ನನಗೆ ಅನ್ನಿಸುತ್ತದೆ. ಹುಲ್ಲುಹಾಸು ಇಲ್ಲದವನು ಎಲ್ಲಿ ಉಳಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಅದಕ್ಕೆ ಒಂದು ಅರೆಬರೆ ಉತ್ತರವನ್ನು ಮುಂಬಯಿಯವರು ಲೋಕಲ್ ಕಿಟಕಿಯಿಂದ ನೋಡಿದ್ದಾರೆ. ಹಳಿಯ ಪಕ್ಕದಲ್ಲಿ ಪಾಲಕ್, ಬೆಂಡೆ, ಮೂಲಂಗಿಯ ಮಡಿಗಳು. ಖಾಲಿ ಜಾಗವನ್ನು ರೈಲ್ವೆ ತನ್ನ ನೌಕರರಿಗೆ ಸಾಗುವಳಿಗೆ ಕೊಟ್ಟ ಆ ಯೋಜನೆಯ ಹೆಸರೂ ‘ಗ್ರೋ ಮೋರ್ ಫುಡ್’, 1940ರ ದಶಕದ ಅದೇ ಘೋಷಣೆ! ನೆಲವೇನೋ ಸಿಕ್ಕಿತು. ಆದರೆ ಹಲವು ಕಡೆ ಮೋರಿಯ ನೀರು ಹಾಯಿಸುತ್ತಾರೆಂದು ದೂರು ಬಂತು. ಒಳ್ಳೆಯ ನೀರಿನ ವ್ಯವಸ್ಥೆಯನ್ನು ಯಾರೂ ಯೋಚಿಸಿರಲಿಲ್ಲ.

ನಿಮ್ಮ ಗ್ರಿಲ್‌ಗೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ನೀವು ಅವರಿಗಿಂತ ಮೇಲು. ದುಡ್ಡು ಕೊಡಬೇಕಾದ್ದು ಮಣ್ಣಿಗೆ ಮಾತ್ರ. ಸಾಸಿವೆ ಡಬ್ಬಿಯ ಪಕ್ಕದಲ್ಲಿರುವ ಮೆಂತ್ಯವನ್ನೇ ಅಗಲವಾದ ಟ್ರೇನಲ್ಲಿ ಚೆಲ್ಲಿ, ಮೂರು ನಾಲ್ಕು ವಾರಕ್ಕೆ ಸೊಪ್ಪು. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಎರಡು ಹೋಳು ಮಾಡಿ ಹಾಕಿ. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಮುಂದಿನ ಸಲ ಊರಿಗೆ ಹೋದಾಗ ಬಸಳೆಯ ಒಂದು ಗೇಣು ಕಾಂಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬನ್ನಿ. ಎರಡು ದಿನ ಚೀಲದಲ್ಲಿದ್ದರೂ ಅದು ಸಾಯುವುದಿಲ್ಲ.