ಕಾವ್ಯದಿಂದ ಕಂಠಕ್ಕೆ: ‘ರಾಯರು ಬಂದರು’ ನಡೆದ ಹಾದಿ

ಕನ್ನಡದ ಜನಪ್ರಿಯ ಪ್ರೇಮಗೀತೆಗಳಲ್ಲಿ ಒಂದಾದ ‘ರಾಯರು ಬಂದರು’ ಮೂಲತಃ ಕವಿತೆ. ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ (1942) ಸಂಕಲನದಲ್ಲಿ ಇದು ಪ್ರಕಟವಾಯಿತು. ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕವಿ, ದಾಂಪತ್ಯದ ಒಲವನ್ನೇ ಕಾವ್ಯವಸ್ತುವಾಗಿಸಿಕೊಂಡರು.

ಮಾವನ ಮನೆಗೆ ಬಂದ ಅಳಿಯನಿಗೆ ಸಕಲ ಉಪಚಾರ ದೊರೆತರೂ ಪತ್ನಿ ಪದುಮಳ ಸುಳಿವಿಲ್ಲ. ಆಕೆ ಮನೆಯೊಳಗೆ ಇಲ್ಲವೆಂಬ ಸೂಚನೆಯಲ್ಲಿ ಅಂದಿನ ಮುಟ್ಟಿನ ಕಟ್ಟುಪಾಡು ಅಡಗಿದೆ. ಕವಿ ಅದನ್ನು ಬಿಡಿಸಿ ಹೇಳುವುದಿಲ್ಲ. ಪದುಮ ಒಳಬಂದಾಗಲೇ ರಾಯರ ಮುನಿಸು ಕರಗುತ್ತದೆ. ಹೀಗಾಗಿ ನುಡಿಗಳನ್ನು ಕೈಬಿಟ್ಟು ಹಾಡಿದರೆ ಕಥೆಯೇ ತುಂಡಾಗುತ್ತದೆ.

ಪಿ. ಕಾಳಿಂಗರಾವ್ ಭದ್ರಗೊಳಿಸಿದ ಸುಗಮ ಸಂಗೀತ ಪರಂಪರೆಯನ್ನು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮುಂದುವರಿಸಿ, ನರಸಿಂಹಸ್ವಾಮಿ ಅವರ ಗೀತೆಗಳನ್ನು ಮನೆಮನೆಗೆ ತಲುಪಿಸಿದರು. ರತ್ನಮಾಲಾ ಪ್ರಕಾಶ್ ಅವರ ಕಂಠದಲ್ಲಿ ಈ ಹಾಡು ಮನೆಮಾತಾಯಿತು. ಟಿ.ಎಸ್. ನಾಗಾಭರಣ ನಿರ್ದೇಶನದ ‘ಮೈಸೂರು ಮಲ್ಲಿಗೆ’ ಚಿತ್ರಕ್ಕೆ ಅಶ್ವತ್ಥ್ ಸಂಗೀತ ನೀಡಿದರು. ಚಿತ್ರದ ಗೀತೆಗಳು ಕವಿಗೆ 1991ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿ ತಂದವು.

ಚಿತ್ರಗೀತೆಗೆ ಮೊದಲ ಧ್ವನಿಮುದ್ರಿಕೆಯೇ ಮೂಲ. ಭಾವಗೀತೆಗೆ ಪುಟದ ಮೇಲಿನ ಪದ್ಯವೇ ಮೂಲ. ಗಾಯಕರು ಬದಲಾದರೂ ಪದಗಳು ಕವಿಯವೇ. 2003ರಲ್ಲಿ ನರಸಿಂಹಸ್ವಾಮಿ ಅಗಲಿದ ಬಳಿಕವೂ ವೇದಿಕೆಗಳಲ್ಲಿ ಪದುಮ ಒಳಬರುತ್ತಲೇ ಇದ್ದಾಳೆ.