ಉತ್ತರ ಕೊಂಕಣದ ಶಿಲಾಹಾರರೂ ಕನ್ನಡವೂ

ಮುಂಬಯಿಯ ಕನ್ನಡ ಸಭೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ಈ ನಗರವಿರುವ ನೆಲ ಹಿಂದೊಮ್ಮೆ ಕನ್ನಡಿಗರದೇ ಆಗಿತ್ತು. ಘಾರಾಪುರಿಯ ಗುಹೆಗಳನ್ನು ಕೊರೆಯಿಸಿದವರು ರಾಷ್ಟ್ರಕೂಟರು. ಠಾಣೆಯ ಅರಸರು ಅಚ್ಚ ಕನ್ನಡಿಗರು. ಆದುದರಿಂದ ನಾವಿಲ್ಲಿ ವಲಸೆ ಬಂದವರಲ್ಲ, ಮರಳಿ ಬಂದವರು ಎಂಬುದು ಆ ಮಾತಿನ ತಾತ್ಪರ್ಯ. 1960ರಲ್ಲಿ ಈ ನಗರ ಮಹಾರಾಷ್ಟ್ರದ ರಾಜಧಾನಿಯಾಗುವುದಕ್ಕೆ ಹಿಂದಿನ ವಾದವಿವಾದಗಳ ಕಾವಿನಲ್ಲಿ ಪ್ರತಿಯೊಂದು ಭಾಷೆಯವರೂ ಶಾಸನಗಳನ್ನು ಸಾಕ್ಷಿಗೆ ಕರೆದರು. ಆ ಕಾವು ಆರಿ ಬಹುಕಾಲ ಸಂದಿರುವ ಈಗಲಾದರೂ ಶಾಸನಗಳು ಹೇಳುವುದನ್ನಷ್ಟೇ ಅವುಗಳಿಂದ ಕೇಳಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

ಮೊದಲು, ನಮ್ಮದಲ್ಲದ್ದನ್ನು ಬಿಟ್ಟುಕೊಡೋಣ. ಘಾರಾಪುರಿಯ ಮಹಾಗುಹೆಯನ್ನು ರಾಷ್ಟ್ರಕೂಟರ ಕಾಲಕ್ಕೆ ಸೇರಿಸುವ ಪದ್ಧತಿ ಹಿಂದಿನ ಗ್ರಂಥಗಳಲ್ಲಿ ಉಂಟು. ಆದರೆ ಆ ದ್ವೀಪದಲ್ಲಿ ದೊರೆತ ಕಲಚೂರಿ ಕೃಷ್ಣರಾಜನ ನಾಣ್ಯಗಳು, ಶಿಲ್ಪದ ಶೈಲಿ ಇವುಗಳನ್ನು ಕೂಡಿ ನೋಡಿದ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಆರನೆಯ ಶತಮಾನದ್ದೆಂದು ಎಣಿಸುತ್ತಾರೆ. ಆಗ ಮಾನ್ಯಖೇಟವೂ ಇರಲಿಲ್ಲ, ರಾಷ್ಟ್ರಕೂಟ ಸಾಮ್ರಾಜ್ಯವೂ ಇರಲಿಲ್ಲ. ಕನ್ನಡ ನಾಡಿನ ಅರಸರು ಈ ಕರಾವಳಿಗೆ ಬಂದುದು ಅದರ ತರುವಾಯ, ಅದೂ ಕತ್ತಿ ಹಿಡಿದು. ಕ್ರಿ.ಶ. 634ರ ಐಹೊಳೆಯ ಪ್ರಶಸ್ತಿಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ನೂರಾರು ನಾವೆಗಳು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದುದನ್ನೂ, ಕೊಂಕಣದ ಮೌರ್ಯರು ಅಳಿದುದನ್ನೂ ವರ್ಣಿಸಿದ್ದಾನೆ. ಆ ಪುರಿ ಘಾರಾಪುರಿಯೇ, ಜಂಜಿರೆಯ ಬಳಿಯ ರಾಜಪುರಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈ ಪ್ರದೇಶದೊಡನೆ ಕನ್ನಡ ನಾಡಿನ ನಿಜವಾದ ಸಂಬಂಧವು ಬೆಳೆದುದು ಶಿಲಾಹಾರರ ಮೂಲಕ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದಲ್ಲಿ, ಸುಮಾರು ಕ್ರಿ.ಶ. 800ರಲ್ಲಿ, ಕಪರ್ದಿಯೆಂಬವನು ಉತ್ತರ ಕೊಂಕಣದ ಸಾಮಂತನಾದನು. ಅವನ ಹೆಸರಿನಿಂದಲೇ ಈ ಸೀಮೆಗೆ ಕಪರ್ದಿದ್ವೀಪ, ಕವಡಿದ್ವೀಪ ಎಂಬ ಹೆಸರುಗಳು ಬಂದವು. ಅವನ ವಂಶದವರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ತಗರವೆಂದರೆ ಧಾರಾಶಿವದ ಸಮೀಪದ ಈಗಿನ ತೇರ. ಎಂದರೆ ಇವರೂ ಘಟ್ಟವಿಳಿದು ಬಂದವರೇ. ಹೊಟ್ಟೆಪಾಡಿಗಾಗಿಯಲ್ಲ, ಆಳುವುದಕ್ಕಾಗಿ ಎಂಬುದಷ್ಟೇ ನಮಗೂ ಅವರಿಗೂ ಇರುವ ಭೇದ.

ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿಗೆ ರವಿವಾರದ ವಿಹಾರಕ್ಕಾಗಿ ಹೋಗದ ಮುಂಬಯಿ ಕನ್ನಡಿಗರು ವಿರಳ. ಅಲ್ಲಿ ಅಮೋಘವರ್ಷ ನೃಪತುಂಗನ ಹೆಸರು ಕಲ್ಲಿನಲ್ಲಿದೆಯೆಂಬುದನ್ನು ಬಲ್ಲವರು ಮಾತ್ರ ಇನ್ನೂ ವಿರಳ. ಶಕ 765, ಎಂದರೆ ಕ್ರಿ.ಶ. 843ರ ಶಾಸನದಲ್ಲಿ ಕಪರ್ದಿಯ ಮಗ ಪುಲ್ಲಶಕ್ತಿಯು ಅಮೋಘವರ್ಷನ ಪ್ರಸಾದದಿಂದ ಪುರಿಯೇ ಮೊದಲಾದ ಕೊಂಕಣವನ್ನು ಆಳುತ್ತಿದ್ದಾನೆ. ಮುಂದಿನ ಎರಡು ಶಾಸನಗಳು ಇಮ್ಮಡಿ ಕಪರ್ದಿಯ ಕಾಲದವು. ಕೊನೆಯದು ಶಕ 799ರದು. ದಾನವೆಲ್ಲವೂ ಕೃಷ್ಣಗಿರಿಯ, ಎಂದರೆ ಕಾನ್ಹೇರಿಯ, ಬೌದ್ಧ ಭಿಕ್ಷುಗಳಿಗೆ. ದಾನಿಗಳಲ್ಲೊಬ್ಬನಾದ ಅವಿಘ್ನಾಕರನು ದೂರದ ಗೌಡದೇಶದಿಂದ ಬಂದವನು. ಜಿನಭಕ್ತನೆಂದು ಖ್ಯಾತನಾದ ಚಕ್ರವರ್ತಿ, ಅವನ ಕೆಳಗೊಬ್ಬ ಸಾಮಂತ, ಅವರಿಬ್ಬರ ಹೆಸರನ್ನು ಹೇಳಿ ಬುದ್ಧನ ವಿಹಾರಕ್ಕೆ ದ್ರಮ್ಮಗಳನ್ನು ಕೊಡುವ ಬಂಗಾಳದ ಉಪಾಸಕ! ಮುಂಬಯಿಯ ಸ್ವಭಾವವು ಮುಂಬಯಿಗಿಂತಲೂ ಹಳೆಯದು.

ಆದರೆ ಈ ಶಾಸನಗಳ ಭಾಷೆ ಯಾವುದು? ಸಂಸ್ಕೃತ. 1026ರ ಭಾಂಡುಪದ ತಾಮ್ರಪಟವೂ ಸಂಸ್ಕೃತ, ಅಂಬರನಾಥ ದೇವಾಲಯದಲ್ಲಿರುವ ಶಕ 982ರ ಲಿಖಿತವೂ ಸಂಸ್ಕೃತ. ಇದೇ ಶಿಲಾಹಾರರ ಕೊಲ್ಲಾಪುರದ ಶಾಖೆಯವರು ಕನ್ನಡದಲ್ಲಿ ಅನೇಕ ಶಾಸನಗಳನ್ನು ಬರೆಯಿಸಿದ್ದಾರೆ, ಠಾಣೆಯವರದು ಹಾಗಲ್ಲ. ಇಲ್ಲಿ ಕನ್ನಡವನ್ನು ಹುಡುಕಬೇಕಾದರೆ ವಾಕ್ಯಗಳಲ್ಲಲ್ಲ, ಹೆಸರು ಬಿರುದುಗಳಲ್ಲಿ ಹುಡುಕಬೇಕು. ಇಮ್ಮಡಿ ಕಪರ್ದಿಯ ಮಗನ ಹೆಸರು ವಪ್ಪುವಣ್ಣ. ಕೊನೆಯ ‘ಅಣ್ಣ’ ಯಾವ ನುಡಿಯದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ‘ಮಲಗಲಗಂಡ’ನಂತಹ ಬಿರುದುಗಳೂ ಸಂಸ್ಕೃತ ಸಮಾಸಗಳ ನಡುವೆ ತಲೆಯೆತ್ತುತ್ತವೆ. ಈ ಮನೆತನದ ಮನೆಮಾತು ಕನ್ನಡವಾಗಿದ್ದಿರಬೇಕೆಂದು ಡಾ. ಅ. ಸ. ಆಳತೇಕರರಂತಹ ವಿದ್ವಾಂಸರು ಊಹಿಸಿದುದು ಇಂತಹ ಆಧಾರಗಳಿಂದಲೇ. ಊಹೆ ಬಲವಾದುದೇ. ಆದರೆ ಅದು ಅರಮನೆಯ ಮಾತಾಯಿತು, ಬೀದಿಯ ಮಾತಲ್ಲ.

ಬೀದಿಯ ಮಾತಿಗೆ ಸಾಕ್ಷಿಯಾಗಿ ಪರದೇಶದವನೊಬ್ಬನಿದ್ದಾನೆ. ಅರಬ ಪ್ರವಾಸಿ ಮಸೂದಿಯು ಕ್ರಿ.ಶ. 916ರ ಸುಮಾರಿಗೆ ಸೈಮೂರಿನಲ್ಲಿ, ಎಂದರೆ ಇಂದಿನ ಚೌಲದಲ್ಲಿ, ಇದ್ದನು. ಅಲ್ಲಿನ ಅಧಿಪತಿಯನ್ನು ಅವನು ಹೆಸರಿಸುತ್ತಾನೆ. ಅವನೇ ವಪ್ಪುವಣ್ಣನ ಮಗ ಝಂಝ. ಅವನ ಮೇಲಿನ ಚಕ್ರವರ್ತಿ ‘ಬಲ್ಹರಾ’, ಎಂದರೆ ವಲ್ಲಭರಾಜನಾದ ರಾಷ್ಟ್ರಕೂಟ. ಈ ಮಸೂದಿಯೇ, ರಾಜಧಾನಿ ಮಾಂಕಿರದಲ್ಲಿ, ಎಂದರೆ ಮಾನ್ಯಖೇಟದಲ್ಲಿ, ಆಡುವ ನುಡಿ ‘ಕೀರಿಯಾ’ ಎಂದೂ, ಸೈಮೂರು, ಸುಬಾರಾ, ತಾನಾ ಮೊದಲಾದ ಕಡಲತಡಿಯ ಊರುಗಳಲ್ಲಿ ಆಡುವ ನುಡಿ ‘ಲಾರಿಯಾ’ ಎಂದೂ ಬರೆದಿಟ್ಟಿದ್ದಾನೆ. ‘ಕೀರಿಯಾ’ ಎಂಬುದು ಕನ್ನಡವೆಂದು ವಿದ್ವಾಂಸರು ಗುರುತಿಸಿದ್ದಾರೆ. ಸುಬಾರಾ ಎಂದರೆ ಸೋಪಾರ; ತಾನಾ ಎಂದರೆ ಠಾಣೆ. ರಾಷ್ಟ್ರಕೂಟರ ಪ್ರಭಾವವು ತುತ್ತತುದಿಯಲ್ಲಿದ್ದಾಗಲೂ ಠಾಣೆಯ ಪೇಟೆಯಲ್ಲಿ ಕನ್ನಡ ನಡೆಯುತ್ತಿರಲಿಲ್ಲವೆಂದು ಇದರ ಅರ್ಥ. ಪರೇಲಿನಲ್ಲಿ ಸಿಕ್ಕಿದ 1187ರ ಅಪರಾದಿತ್ಯನ ಶಿಲಾಲೇಖದಲ್ಲಿ ದಾನದ ಮಾತು ಸಂಸ್ಕೃತದಲ್ಲಿದ್ದರೂ ದಾನಕ್ಕೆ ತಪ್ಪುವವನಿಗೆ ಹಾಕಿದ ಬೈಗುಳದ ಶಾಪ ಮರಾಠಿಯಲ್ಲಿದೆ. ಶಾಪವು ತಿಳಿಯುವ ಭಾಷೆಯಲ್ಲಿರಬೇಕಷ್ಟೆ.

ಇದರಿಂದ ನಾವು ಖಿನ್ನರಾಗಬೇಕಾದ ಕಾರಣವಿಲ್ಲ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿತು. ಆ ಚಕ್ರವರ್ತಿಯ ಆಜ್ಞೆ ಗೋದಾವರಿಯಾಚೆಗೂ ನಡೆಯುತ್ತಿತ್ತು. ರಾಜ್ಯದ ಗಡಿಯೇ ನುಡಿಯ ಗಡಿಯೆಂದು ಆ ಗ್ರಂಥವು ಭ್ರಮಿಸಲಿಲ್ಲ. ಒಂದು ಸಾವಿರ ವರ್ಷಗಳ ತರುವಾಯ ನಾವೇಕೆ ಭ್ರಮಿಸಬೇಕು?

ಹಾಗಾದರೆ ಈ ನೆಲದಲ್ಲಿ ಕನ್ನಡ ನಾಡಿಗೆ ಸಂದುದೇನು? ನನ್ನ ಮಟ್ಟಿಗೆ ಅದರ ಉತ್ತರವಿರುವುದು ಭಿವಂಡಿಯ ಬಳಿಯ ಭಾದಾನೆಯ ತಾಮ್ರಶಾಸನದಲ್ಲಿ. ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನು ಕರ್ಕನನ್ನು ಸೋಲಿಸಿದನು. ರಾಷ್ಟ್ರಕೂಟ ಸಾಮ್ರಾಜ್ಯವು ಮುಗಿಯಿತು. ಸಾಮಂತರು ಹೊಸ ಒಡೆಯನಿಗೆ ಕೈಮುಗಿಯುವುದು ಲೋಕರೂಢಿ. ಠಾಣೆಯ ಅಪರಾಜಿತನು ಹಾಗೆ ಮಾಡಲಿಲ್ಲ. ಶಕ 919ರಲ್ಲಿ, ಎಂದರೆ 997ರಲ್ಲಿ, ಲೋಣಾದಿತ್ಯ ದೇವರಿಗೆ ಭಾದಾನೆ ಗ್ರಾಮವನ್ನು ದತ್ತಿ ಬಿಡುವಾಗ ಅವನು ತನ್ನ ವಂಶಾವಳಿಗಿಂತ ಮೊದಲು ರಾಷ್ಟ್ರಕೂಟರ ವಂಶಾವಳಿಯನ್ನು ಮೊದಲಿನಿಂದ ಕರ್ಕನವರೆಗೆ ಪೂರ್ತಿಯಾಗಿ ಬರೆಯಿಸಿದನು. ಆ ರಾಜ್ಯವು ತೈಲಪನಿಂದ ಅಳಿದು ಹೋಯಿತೆಂದು ಮರುಗಿದನು. ಆ ವೇಳೆಗೆ ಸಾಮ್ರಾಜ್ಯವಳಿದು ಇಪ್ಪತ್ತನಾಲ್ಕು ವರ್ಷಗಳಾಗಿದ್ದುವು. ಹೊಗಳಿಕೆಗೆ ಪ್ರತಿಫಲ ಕೊಡುವವರು ಯಾರೂ ಉಳಿದಿರಲಿಲ್ಲ. ತಾನು ಸ್ವತಂತ್ರನೆಂದು ಸಾರಿಕೊಳ್ಳುವುದಕ್ಕೂ ಇದು ಅನುಕೂಲವಾಗಿತ್ತೆಂದು ಸಂಶಯಿಸುವವರು ಸಂಶಯಿಸಲಿ. ಸ್ವಾತಂತ್ರ್ಯವನ್ನು ಸಾರುವುದಕ್ಕೆ ಸತ್ತ ಒಡೆಯರ ಹೆಸರುಗಳನ್ನು ಇಷ್ಟು ಉದ್ದವಾಗಿ ತಾಮ್ರದ ಮೇಲೆ ಕೊರೆಯಿಸುವ ಅಗತ್ಯವಿರಲಿಲ್ಲ.

ಈ ನಿಷ್ಠೆಗೆ ಕನ್ನಡ ಸಾಹಿತ್ಯವು ಕೊಟ್ಟ ಪುರಸ್ಕಾರವೇನೆಂಬುದು ಕುತೂಹಲಕರ. ತೈಲಪನ ಮಗ ಸತ್ಯಾಶ್ರಯನು ಕೊಂಕಣದ ಮೇಲೆ ದಂಡೆತ್ತಿ ಬಂದನು. ಅವನ ಆಸ್ಥಾನಕವಿ ರನ್ನನು ‘ಗದಾಯುದ್ಧ’ದಲ್ಲಿ ಆ ಪ್ರಸಂಗವನ್ನು ತಂದಿದ್ದಾನೆ: ಒಂದು ಕಡೆ ಕಡಲು, ಇನ್ನೊಂದು ಕಡೆ ಸತ್ಯಾಶ್ರಯನ ಸೇನಾಸಮುದ್ರ, ನಡುವೆ ಸಿಕ್ಕಿದ ಅಪರಾಜಿತನು ಎರಡೂ ತುದಿ ಹೊತ್ತಿಕೊಂಡ ಕೋಲಿನ ಮೇಲಿನ ಹುಳುವಿನಂತೆ ನಡುಗಿದನೆಂಬುದು ಅವನ ಉಪಮೆ. ಮಾನ್ಯಖೇಟಕ್ಕಾಗಿ ಕಂಬನಿ ಮಿಡಿದವನು ಸಂಸ್ಕೃತದಲ್ಲಿ ಬರೆಯಿಸಿದ ಠಾಣೆಯ ಅರಸ. ಅವನನ್ನು ಹುಳುವೆಂದವನು ನಮ್ಮ ಕವಿಚಕ್ರವರ್ತಿ. ಗೆದ್ದ ಮನೆತನದ ಕವಿಯಿಂದ ಬೇರೆಯದನ್ನು ನಿರೀಕ್ಷಿಸಲಾಗದು, ಸರಿ. ಆದರೂ ರನ್ನನ ಆ ಭಾಗವನ್ನು ಓದಿಸುವ ಅಧ್ಯಾಪಕರು ಜೊತೆಗೆ ಭಾದಾನೆಯ ಶಾಸನವನ್ನೂ ಹೇಳಿದರೆ ಒಳ್ಳೆಯದು.

ಶಿಲಾಹಾರರ ಕೊನೆಯನ್ನು ದೀರ್ಘವಾಗಿ ಹೇಳಬೇಕಾಗಿಲ್ಲ. ಸುಮಾರು 1265ರಲ್ಲಿ ದೇವಗಿರಿಯ ಯಾದವ ಮಹಾದೇವನೊಡನೆ ನಡೆದ ಯುದ್ಧದಲ್ಲಿ ಸೋಮೇಶ್ವರನು ನಾವೆಯೇರಿ ಕಡಲಿಗಿಳಿದು ಅಲ್ಲಿಯೇ ಮುಳುಗಿದನು. ಬೋರಿವಲಿಯ ಏಕ್ಸರದಲ್ಲಿ ನಿಂತಿರುವ ಎತ್ತರದ ಕಲ್ಲುಗಳ ಮೇಲೆ ಆನೆಗಳ ಕಾಳಗವೂ ಹುಟ್ಟುಹಾಕುವ ನಾವೆಗಳ ಸಾಲೂ ಕೆತ್ತಲ್ಪಟ್ಟಿವೆ. ಅವು ಆ ಯುದ್ಧದ ಸ್ಮಾರಕಗಳೆಂದು ಹಲವರ ಮತ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಮೇಲಿನದರಲ್ಲಿ ಸ್ವರ್ಗ. ಆ ಊರಿನವರು ಇಂತಹ ಕಲ್ಲನ್ನು ಮರಾಠಿಯಲ್ಲಿ ‘ವೀರಗಳ’ ಎನ್ನುತ್ತಾರೆ. ನಮ್ಮ ‘ವೀರಗಲ್ಲು’ ಅಲ್ಲಿ ಆ ರೂಪದಲ್ಲಿ ಉಳಿದುಕೊಂಡಿದೆ.